ಬೇರೆ ದೇಶದ ಪಡೆಗಳ ಜೊತೆ ಡ್ಯೂಟಿ: ಆರ್ಡರ್ ಯಾರದ್ದು, ಭರವಸೆ ಯಾರ ಮೇಲೆ?

ಪ್ರಶ್ನೆ: ಸುಬೇದಾರ್ ಸಾಹೇಬ್ರಿಗೆ ನಮಸ್ಕಾರ. ನಾವು ಸೋಮವಾರಪೇಟೆ ಹತ್ತಿರದವರು. ನಮ್ಮ ಯಜಮಾನರು ಇನ್‌ಫೆಂಟ್ರಿಯಲ್ಲಿ ನಾಯಕ್. ಅವರ ಬೆಟಾಲಿಯನ್ ಯುಎನ್ (ವಿಶ್ವಸಂಸ್ಥೆ) ಡ್ಯೂಟಿಗೆ ಒಂದು ವರ್ಷ ದಕ್ಷಿಣ ಸುಡಾನ್‌ಗೆ ಹೊರಟಿದೆ. ಅಲ್ಲಿ ಎಷ್ಟೋ ದೇಶದ ಸೈನಿಕರು ಇರುತ್ತಾರಂತೆ, ಪಾಕಿಸ್ತಾನದವರೂ ಇರಬಹುದಂತೆ. ಇವರಿಗೆ ಆರ್ಡರ್ ಕೊಡೋದು ಯಾರು? ಕಷ್ಟ ಬಂದರೆ ಪಕ್ಕದ ದೇಶದವರು ಸಹಾಯಕ್ಕೆ ಬರುತ್ತಾರಾ? ಡಾಲರ್‌ನಲ್ಲಿ ದುಡ್ಡು ಸಿಗುತ್ತೆ ಅಂತ ಊರಲ್ಲಿ ಹೇಳ್ತಾರೆ, ನಿಜನಾ? ನಮ್ಮ ಮಾವ ಮಾತ್ರ ‘ನಮ್ಮ ದೇಶದ ಯುದ್ಧ ಅಲ್ಲದ್ದಕ್ಕೆ ನಮ್ಮ ಹುಡುಗ ಯಾಕೆ ಹೋಗಬೇಕು’ ಅಂತ ಒಂದೇ ಹಟ ಹಿಡಿದಿದ್ದಾರೆ. ನೀವು ಹೋಗಿ ಬಂದವರು, ಇದ್ದದ್ದು ಇದ್ದ ಹಾಗೆ ಹೇಳಿ.

ಉತ್ತರ: ತಂಗಿ, ಮೊದಲು ಆರ್ಡರ್ ವಿಷಯ ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಅದಕ್ಕೇ ತಳಕು ಹಾಕಿಕೊಂಡಿದೆ.

ಯುಎನ್‌ಗೆ ತನ್ನದು ಅಂತ ಸೇನೆ ಇಲ್ಲ. ದೇಶಗಳು ತಮ್ಮ ತಮ್ಮ ಬೆಟಾಲಿಯನ್‌ಗಳನ್ನು ಕಳಿಸಿಕೊಡುತ್ತವೆ. ಎಲ್ಲರ ಮೇಲೆ ಒಬ್ಬ ಫೋರ್ಸ್ ಕಮಾಂಡರ್ ಇರುತ್ತಾರೆ, ಅವರು ಯಾವ ದೇಶದವರೂ ಆಗಬಹುದು. ದಕ್ಷಿಣ ಸುಡಾನ್‌ನಲ್ಲಿ ನಮ್ಮ ಜನರಲ್‌ಗಳೇ ಆ ಕುರ್ಚಿಯಲ್ಲಿ ಕೂತಿದ್ದೂ ಉಂಟು. ಎಲ್ಲಿ ಗಸ್ತು ಹೋಗಬೇಕು, ಯಾವ ಕ್ಯಾಂಪ್ ಕಾಯಬೇಕು, ಯಾವ ರಸ್ತೆಯಲ್ಲಿ ಲಾರಿಗಳಿಗೆ ಕಾವಲು ಕೊಡಬೇಕು ಅನ್ನುವುದನ್ನು ಅವರು ಹೇಳುತ್ತಾರೆ. ಆದರೆ ನಿಮ್ಮ ಯಜಮಾನರ ಸಂಬಳ, ಬಡ್ತಿ, ಶಿಸ್ತು ಎಲ್ಲ ನಮ್ಮ ಸೇನೆಯ ಕೈಯಲ್ಲೇ. ತಪ್ಪು ಮಾಡಿದರೆ 1950ರ ಆರ್ಮಿ ಆಕ್ಟ್ ಪ್ರಕಾರ ನಮ್ಮವರೇ ವಿಚಾರಣೆ ಮಾಡುತ್ತಾರೆ, ಅಲ್ಲಿನ ಕೋರ್ಟಿಗೂ ಯುಎನ್‌ಗೂ ಆ ಅಧಿಕಾರ ಇಲ್ಲ. ಟೋಪಿ ನೀಲಿ, ತೋಳಿನ ಮೇಲಿನ ಬಾವುಟ ನಮ್ಮದು. ದಿನನಿತ್ಯ ಅವರಿಗೆ ಆರ್ಡರ್ ಕೊಡುವವರು ಅವರ ಕಂಪನಿ ಕಮಾಂಡರೇ, ಇಲ್ಲಿ ಇದ್ದ ಹಾಗೆಯೇ.

ಪೇಪರ್ ಮೇಲೆ ಇದು ಚೆನ್ನಾಗಿಯೇ ಇದೆ. ನೆಲದ ಮೇಲೆ ನಿಂತು ನೋಡಿದರೆ ಒಂದೊಂದು ಬೆಟಾಲಿಯನ್ ಹಿಂದೆಯೂ ಒಂದೊಂದು ರಾಜಧಾನಿ ಇದೆ. ಪಡೆ ಕಳಿಸುವಾಗಲೇ ಕೆಲವು ಸರ್ಕಾರಗಳು ಷರತ್ತು ಹಾಕುತ್ತವೆ: ನಮ್ಮವರನ್ನು ಈ ಜಿಲ್ಲೆ ಬಿಟ್ಟು ಆಚೆ ಕಳಿಸಬೇಡಿ, ರಾತ್ರಿ ಕಾಡಿಗೆ ಇಳಿಸಬೇಡಿ, ದಾಳಿಗೆ ಬಳಸಬೇಡಿ, ಕಾವಲಿಗೆ ಮಾತ್ರ. ಕೆಲವನ್ನು ಬರೆದು ಕೊಡುತ್ತಾರೆ. ಕೆಲವನ್ನು ಬರೆಯುವುದೇ ಇಲ್ಲ, ಕಷ್ಟದ ಹೊತ್ತಲ್ಲಿ ಆ ದೇಶದ ಕರ್ನಲ್ ಫೋನ್ ಹಿಡಿದುಕೊಂಡು ಪಕ್ಕಕ್ಕೆ ಹೋದಾಗಲೇ ನಮಗೆ ಗೊತ್ತಾಗುವುದು.

ಪಕ್ಕದ ದೇಶದವರು ಸಹಾಯಕ್ಕೆ ಬರುತ್ತಾರಾ ಅಂತ ಕೇಳಿದ್ದೀರಿ. ಬರುತ್ತಾರೆ, ಅವರ ಸರ್ಕಾರ ಎಷ್ಟು ದೂರ ಬಿಟ್ಟಿದೆಯೋ ಅಷ್ಟು ದೂರ. ಬರದೆ ಇದ್ದರೆ ‘ಹೇಡಿಗಳು’ ಅಂತ ಬೈಯುವುದು ಸುಲಭ, ನಮ್ಮ ಹುಡುಗರೂ ಬೈಯುತ್ತಾರೆ. ಆದರೆ ನಾನು ನೋಡಿದ ಮಟ್ಟಿಗೆ ಯಾವ ದೇಶದ ಜವಾನನೂ ನಮ್ಮವನಿಗಿಂತ ಕಡಿಮೆ ಧೈರ್ಯದವನಲ್ಲ. ಅವನಿಗೆ ಬಿಟ್ಟಿರುವ ಹಗ್ಗದ ಉದ್ದ ಬೇರೆ, ಅಷ್ಟೇ. ಆ ಉದ್ದವನ್ನು ಮೊದಲೇ ತಿಳಿದುಕೊಳ್ಳುವವನೇ ಜಾಣ ಎನ್‌ಸಿಒ (ನಿಮ್ಮ ಯಜಮಾನರಂಥ ನಾಯಕ್, ಹವಾಲ್ದಾರ್‌ಗಳು).

ಇದು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣ ಸುಡಾನ್‌ನಲ್ಲೇ ಉದಾಹರಣೆ ಇದೆ. 2016ರ ಜುಲೈನಲ್ಲಿ ಜುಬಾ ನಗರದಲ್ಲಿ ಸರ್ಕಾರಿ ಸೇನೆಗೂ ವಿರೋಧಿ ಬಣಕ್ಕೂ ಗುಂಡಿನ ಕಾಳಗ ಆಯಿತು. ಅಲ್ಲಿ ಚೀನಾ, ಇಥಿಯೋಪಿಯಾ, ನೇಪಾಳ, ಭಾರತ ಹೀಗೆ ನಾಲ್ಕು ದೇಶದ ತುಕಡಿಗಳಿದ್ದವು. ಆಮೇಲೆ ಯುಎನ್ ಮಾಡಿಸಿದ ತನಿಖೆಯಲ್ಲಿ ಬಂದದ್ದು ಇದು: ಮೇಲಿನಿಂದ ಒಂದಕ್ಕೊಂದು ಹೊಂದದ ಆರ್ಡರ್‌ಗಳು ಬಂದವು, ನಾಲ್ಕೂ ಪಡೆ ಒಂದೇ ಕಮಾಂಡ್ ಕೆಳಗೆ ಕೆಲಸ ಮಾಡಲಿಲ್ಲ, ಕಾಪಾಡಬೇಕಿದ್ದ ಜನರನ್ನು ಕಾಪಾಡಲು ಆಗಲಿಲ್ಲ. ಕೆನ್ಯಾದವರಾದ ಫೋರ್ಸ್ ಕಮಾಂಡರ್‌ನನ್ನು ತೆಗೆದರು. ಕೆನ್ಯಾ ಸಿಟ್ಟಾಗಿ ತನ್ನ ಪಡೆಯನ್ನೇ ವಾಪಸ್ ಕರೆಸಿಕೊಂಡಿತು. ನೋಡಿ, ಒಬ್ಬ ಅಧಿಕಾರಿಯನ್ನು ತೆಗೆದದ್ದಕ್ಕೆ ಒಂದು ದೇಶದ ಪಡೆಯೇ ಗಂಟುಮೂಟೆ ಕಟ್ಟಿತು. ರಾಜಧಾನಿ ಹಿಂದೆ ನಿಂತಿದೆ ಅಂದದ್ದು ಇದಕ್ಕೇ.

ಕಾಂಗೋದಲ್ಲಿ ಇದು ಇನ್ನೂ ವಿಚಿತ್ರವಾಗಿತ್ತು. 2012ರ ನವೆಂಬರ್‌ನಲ್ಲಿ ಎಂ23 ಬಂಡುಕೋರರು ಗೋಮಾ ನಗರ ಹಿಡಿದರು, ಯುಎನ್ ಪಡೆ ನೋಡುತ್ತಾ ನಿಂತಿತು ಅಂತ ಪ್ರಪಂಚವೆಲ್ಲ ಬೈಯಿತು. ಮರುವರ್ಷ ಭದ್ರತಾ ಮಂಡಳಿ ಅದೇ ಮಿಷನ್ ಒಳಗೆ ಹೊಸ ಬ್ರಿಗೇಡ್ ಒಂದನ್ನು ಕಟ್ಟಿತು. ದಕ್ಷಿಣ ಆಫ್ರಿಕಾ, ತಾಂಜಾನಿಯಾ, ಮಲಾವಿಯ ಪಡೆಗಳು, ಬಂಡುಕೋರರ ಮೇಲೆ ತಾವಾಗಿಯೇ ದಾಳಿ ಮಾಡಲು ಅವರಿಗೆ ಅಪ್ಪಣೆ. ಒಂದೇ ನೀಲಿ ಟೋಪಿ, ಒಂದೇ ಬಿಳಿ ಗಾಡಿ. ಆದರೆ ಒಬ್ಬನಿಗೆ ದಾಳಿಯ ಕೆಲಸ, ಪಕ್ಕದಲ್ಲೇ ಇರುವ ಇನ್ನೊಬ್ಬನಿಗೆ ಜನರ ರಕ್ಷಣೆಯ ಕೆಲಸ. ಊರಿನ ಜನಕ್ಕೆ ಈ ವ್ಯತ್ಯಾಸ ಹೇಗೆ ಗೊತ್ತಾಗಬೇಕು ಹೇಳಿ?

ಕೊಡಗಿನವನಾಗಿ ಈ ವಿಷಯದಲ್ಲಿ ಜನರಲ್ ತಿಮ್ಮಯ್ಯನವರ ಹೆಸರು ಎತ್ತದೆ ಮುಂದೆ ಹೋಗಲು ನನ್ನಿಂದಾಗದು. ಮಡಿಕೇರಿಯ ‘ಸನ್ನಿ ಸೈಡ್’, ನಮಗೆಲ್ಲ ಆರ್‌ಟಿಒ ಆಫೀಸ್ ಅಂತ ಗೊತ್ತಿದ್ದ ಮನೆ, 2021ರಿಂದ ಅವರ ಮ್ಯೂಸಿಯಂ. ಮಕ್ಕಳಿದ್ದರೆ ಒಂದು ದಿನ ಕರೆದುಕೊಂಡು ಹೋಗಿ. 1945ರಲ್ಲಿ ಬರ್ಮಾದ ಕಂಗಾವ್‌ನಲ್ಲಿ ಅವರು ಬೆಟಾಲಿಯನ್ ಕಮಾಂಡರ್. ಆ ಬ್ರಿಗೇಡಿನ ಮೂರೂ ಬೆಟಾಲಿಯನ್‌ಗಳಿಗೆ ಭಾರತೀಯರೇ ಕಮಾಂಡರ್‌ಗಳು: ತಿಮ್ಮಯ್ಯ, ಥೋರಟ್, ಎಲ್.ಪಿ. ಸೇನ್. ಅದೇ ಕದನದಲ್ಲಿ ಬ್ರಿಟಿಷ್ ಕಮಾಂಡೋಗಳೂ ಜಪಾನೀಯರ ಎದುರು ಹೋರಾಡಿದರು. ಅಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಆರ್ಡರ್. ಪಕ್ಕದವನ ಹಿಂದೆ ಬೇರೆ ಸರ್ಕಾರ ಇರಲಿಲ್ಲ.

ಎಂಟು ವರ್ಷ ಕಳೆದು ಅದೇ ತಿಮ್ಮಯ್ಯ, ಅದೇ ಥೋರಟ್ ಕೊರಿಯಾಗೆ ಹೋದರು. 1953ರ ಜುಲೈ 27ಕ್ಕೆ ಕದನ ನಿಂತಿತ್ತು. ತಮ್ಮ ದೇಶಕ್ಕೆ ವಾಪಸ್ ಹೋಗುವುದಿಲ್ಲ ಅಂತ ಕೂತ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳಿದ್ದರು. ಅವರ ವಿಷಯ ನೋಡಿಕೊಳ್ಳಲು ಐದು ದೇಶಗಳ ಆಯೋಗ ಆಯಿತು, ತಿಮ್ಮಯ್ಯ ಅದಕ್ಕೆ ಅಧ್ಯಕ್ಷರು. ಕೈದಿಗಳನ್ನು ಕಾಯಲು ಥೋರಟ್ ಕೆಳಗೆ ಸುಮಾರು 6 ಸಾವಿರ ಭಾರತೀಯ ಸೈನಿಕರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಭಾರತದ ಸೈನಿಕರು ನಮ್ಮ ನೆಲದ ಮೇಲೆ ಕಾಲಿಡಕೂಡದು ಅಂದುಬಿಟ್ಟರು! ಕೊನೆಗೆ ಇಂಚಾನ್ ಬಂದರಿಗೆ ಬಂದ ನಮ್ಮವರನ್ನು ಅಮೆರಿಕದ ಹೆಲಿಕಾಪ್ಟರ್‌ಗಳಲ್ಲಿ ತುಂಬಿ ಗಡಿಯ ಸೇನಾಮುಕ್ತ ಪಟ್ಟಿಯಲ್ಲಿ ಇಳಿಸಬೇಕಾಯಿತು.

ಆಯೋಗದೊಳಗಿನ ಕಥೆ ಇನ್ನೂ ಕಷ್ಟ. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ, ನಡುವೆ ಭಾರತ. ಕೈದಿಗಳನ್ನು ಬಲವಂತವಾಗಿಯಾದರೂ ಎಳೆತಂದು ಅವರ ದೇಶದ ಅಧಿಕಾರಿಗಳ ಮಾತು ಕೇಳಿಸಬೇಕು ಅಂತ ಪೋಲೆಂಡ್, ಚೆಕೊಸ್ಲೊವಾಕಿಯಾ ಗುಂಪು. ಬಲ ಬಳಸಿದರೆ ನಾವು ಎದ್ದು ಹೋಗುತ್ತೇವೆ ಅಂತ ಸ್ವಿಸ್ ಜನ. ತಿಮ್ಮಯ್ಯನವರು ಬಲ ಬಳಸಲಿಲ್ಲ. ಗಡುವು ಮುಗಿದಾಗ, 1954ರ ಜನವರಿಯಲ್ಲಿ, ಯಾರ ಕೈಯಿಂದ ಕೈದಿಗಳು ಬಂದಿದ್ದರೋ ಅವರ ಕೈಗೇ ವಾಪಸ್ ಕೊಟ್ಟರು. ಎರಡೂ ಕಡೆಯವರು ಗೊಣಗಿದರು. ಪಕ್ಕದ ದೇಶ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದನ್ನು ಮೊದಲೇ ಅಳೆದು ಹೆಜ್ಜೆ ಇಟ್ಟ ಕೆಲಸ ಅದು. ನನ್ನ ಲೆಕ್ಕದಲ್ಲಿ ಅವರು ಆರ್ಮಿ ಚೀಫ್ ಆಗಿದ್ದಕ್ಕಿಂತ ದೊಡ್ಡ ಕೆಲಸ, ನೀವು ಒಪ್ಪಬೇಕಿಲ್ಲ. ಆಮೇಲೆ ಸೈಪ್ರಸ್‌ನಲ್ಲಿ ಯುಎನ್ ಪಡೆಯ ಕಮಾಂಡರ್ ಆಗಿದ್ದಾಗಲೇ 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ ದೇಶ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು.

ಬೇರೆ ದೇಶದವರು ಸಹಾಯಕ್ಕೆ ಬಂದ ಉದಾಹರಣೆಯೂ ಬೇಕಲ್ವಾ. 2000ದಲ್ಲಿ ಸಿಯೆರಾ ಲಿಯೋನ್‌ನಲ್ಲಿ ನಮ್ಮ 5/8 ಗೂರ್ಖಾ ರೈಫಲ್ಸ್‌ನ ಎರಡು ಕಂಪನಿಗಳನ್ನು ಬಂಡುಕೋರರು ಕೈಲಾಹುನ್ ಊರಿನಲ್ಲಿ ಎರಡು ತಿಂಗಳಿಗೂ ಜಾಸ್ತಿ ಸುತ್ತುವರಿದಿದ್ದರು. ಆಯುಧ ಕೆಳಗಿಡಿ, ಬಿಟ್ಟುಬಿಡುತ್ತೇವೆ ಅಂದರು. ನಮ್ಮವರು ಇಡಲಿಲ್ಲ. ಜುಲೈನಲ್ಲಿ ‘ಆಪರೇಷನ್ ಖುಕ್ರಿ’ ಮಾಡಿ ಬಿಡಿಸಿಕೊಂಡು ಬಂದರು. ಅದರಲ್ಲಿ ಘಾನಾ, ನೈಜೀರಿಯಾದ ಪಡೆಗಳಿಗೂ ಪಾಲಿತ್ತು. ಬ್ರಿಟನ್ ತನ್ನ ದೊಡ್ಡ ಚಿನೂಕ್ ಹೆಲಿಕಾಪ್ಟರ್‌ಗಳನ್ನು ಕೊಟ್ಟಿತು. ಗಮನಿಸಿ, ಆ ಬ್ರಿಟಿಷ್ ಪಡೆ ಯುಎನ್ ಕೆಳಗೆ ಇರಲೇ ಇಲ್ಲ, ಬೇರೆಯಾಗಿ ಬಂದಿತ್ತು. ಆದರೂ ಬಂತು. ಅದೇ ಮಿಷನ್‌ನಲ್ಲಿ ಕೆಲವೇ ವಾರಗಳಲ್ಲಿ ನಮ್ಮ ಫೋರ್ಸ್ ಕಮಾಂಡರ್‌ಗೂ ನೈಜೀರಿಯಾದ ಹಿರಿಯ ಅಧಿಕಾರಿಗಳಿಗೂ ಇದ್ದ ಮನಸ್ತಾಪ ಪತ್ರಿಕೆಗಳಿಗೆ ಬಂದು, ಭಾರತ ಪಡೆ ವಾಪಸ್ ತೆಗೆದುಕೊಳ್ಳುವುದಾಗಿ ಹೇಳಿತು. ಕೆಳಗೆ ಜವಾನರು ಒಬ್ಬರಿಗೊಬ್ಬರು ಹೆಗಲು ಕೊಟ್ಟಿದ್ದರು, ಮೇಲೆ ಸಾಹೇಬರುಗಳು ಮುಖ ತಿರುಗಿಸಿದ್ದರು. ಎರಡೂ ನಿಜ.

ಇನ್ನು ದಿನನಿತ್ಯದ ಮಾತು. ನಾನಿದ್ದದ್ದು ಕಾಂಗೋದ ಉತ್ತರ ಕಿವು ಪ್ರಾಂತ್ಯದಲ್ಲಿ. ಗುಡ್ಡ, ಮಂಜು, ಕೆಂಪು ಮಣ್ಣು, ಕಿವು ಕೆರೆ ಸುತ್ತ ಅರೇಬಿಕಾ ಕಾಫಿ ಗಿಡ. ಮೊದಲ ದಿನ ಗಾಡಿಯಿಂದ ಇಳಿದು ಎಲೆ ಮುಟ್ಟಿ ನೋಡಿದೆ. ನೆರಳಿಗೆ ಮರ ಬಿಡದೆ ಹೀಗೆ ಬಟಾಬಯಲಲ್ಲಿ ಬೆಳೆಸಿದ್ದಾರಲ್ಲ ಅಂತ ಆಶ್ಚರ್ಯ. (ನಿಮ್ಮ ಯಜಮಾನರಿಗೆ ಈ ಸುಖ ಇಲ್ಲ. ದಕ್ಷಿಣ ಸುಡಾನ್‌ನಲ್ಲಿ ಅವರಿಗೆ ಸಿಗುವುದು ಬಹುತೇಕ ಸಪಾಟು ನೆಲ, ಅಂಟು ಕಪ್ಪು ಮಣ್ಣು. ನಮ್ಮಲ್ಲಿ ಎಷ್ಟು ಮಳೆ ಹೊಯ್ದರೂ ನೀರು ಇಳಿದು ಹೋಗುತ್ತದೆ. ಅಲ್ಲಿ ನಿಂತೇ ಬಿಡುತ್ತದೆ, ತಿಂಗಳುಗಟ್ಟಲೆ ರಸ್ತೆ ಬಂದ್, ಎಲ್ಲವೂ ಹೆಲಿಕಾಪ್ಟರ್‌ನಲ್ಲೇ ಬರಬೇಕು.)

ಅಲ್ಲಿನ ಒಂದು ಬೆಳಗಿನ ಜಾವ ಹೇಳುತ್ತೇನೆ. ಸ್ಪ್ಯಾನಿಷ್ ಮಾತಾಡುವ ಒಂದು ದೇಶದ ತುಕಡಿ ಜೊತೆ ಜಂಟಿ ಗಸ್ತು ಇತ್ತು. ಸಂದೇಶದಲ್ಲಿ ಹೊರಡುವ ಸಮಯ ‘0400 ಝುಲು’ ಅಂತ ಇತ್ತು. ಝುಲು ಅಂದರೆ ಗ್ರೀನ್‌ವಿಚ್ ಸಮಯ, ಅಲ್ಲಿನ ಗಡಿಯಾರದಲ್ಲಿ ಬೆಳಿಗ್ಗೆ ಆರು ಗಂಟೆ. ಅವರು ಅದನ್ನು ಅಲ್ಲಿನ ನಾಲ್ಕು ಗಂಟೆ ಅಂತ ಓದಿಕೊಂಡರು. ಗಾಢ ಕತ್ತಲು, ಮಂಜು, ಗೇಟಿನ ಮುಂದೆ ಎರಡು ಗಾಡಿಯ ಲೈಟು. ಬಂಡುಕೋರರು ಯುಎನ್ ಗಾಡಿ ಕಿತ್ತುಕೊಂಡು ಓಡಿಸಿದ ಸುದ್ದಿಗಳು ನಮ್ಮ ಕಿವಿಗೆ ಬೀಳುತ್ತಲೇ ಇದ್ದವು. ಸೆಂಟ್ರಿ ‘ಥಮ್, ಕೌನ್ ಆತಾ ಹೈ’ (ನಿಲ್ಲು, ಯಾರು ಬರ್ತಿರೋದು) ಅಂತ ಕೂಗಿದ, ಆಮೇಲೆ ಇಂಗ್ಲಿಷಿನಲ್ಲಿ ಕೂಗಿದ. ಆ ಕಡೆಯಿಂದ ಬಂದ ಉತ್ತರ ಅವನಿಗೆ ಒಂದಕ್ಷರ ಅರ್ಥವಾಗಲಿಲ್ಲ. ಬೆರಳು ಟ್ರಿಗರ್ ಗಾರ್ಡ್ ಹೊರಗೇ ಇಟ್ಟುಕೊಂಡು, ಸರ್ಚ್‌ಲೈಟ್ ಹಾಕಿಸಿ, ಒಬ್ಬನೇ ಇಳಿದು ಕೈ ಎತ್ತಿಕೊಂಡು ಬರಲಿ ಅಂತ ಸನ್ನೆ ಮಾಡಿ ತೋರಿಸಿದ. ಇಳಿದು ಬಂದವನು ಒಬ್ಬ ಸಾರ್ಜೆಂಟ್, ಒಂದು ಕೈಯಲ್ಲಿ ಅದೇ ಸಂದೇಶದ ಕಾಗದ. ಸೆಂಟ್ರಿಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಅವತ್ತಿನಿಂದ ನಮ್ಮ ಕ್ಯಾಂಪಿನಿಂದ ಹೋಗುವ ಪ್ರತಿ ಸಂದೇಶದಲ್ಲೂ ಎರಡೂ ಸಮಯ ಬರೆಯಲು ಶುರು ಮಾಡಿದರು. ಮಿತ್ರ ಪಡೆಗಳ ಜೊತೆ ಕೆಲಸ ಅಂದರೆ ಮುಕ್ಕಾಲು ಭಾಗ ಇಂಥದ್ದೇ: ಗಡಿಯಾರ, ನಕ್ಷೆ, ರೇಡಿಯೋ ಚಾನೆಲ್, ಡೀಸೆಲ್. ಅವರ ಬಂದೂಕಿನ ಗುಂಡು ನಮ್ಮದಕ್ಕೆ ಹೊಂದುತ್ತದಾ, ಗಾಯವಾದರೆ ಹೆಲಿಕಾಪ್ಟರ್ ರಾತ್ರಿ ಹಾರುತ್ತದಾ (ಯುಎನ್ ಬಾಡಿಗೆಗೆ ತರುವ ಹಲವು ಹಾರುವುದಿಲ್ಲ), ಇವನ್ನೆಲ್ಲ ಅಲ್ಲಿಗೆ ಹೋದ ಮೊದಲ ವಾರದಲ್ಲೇ ಕೇಳಿ ಡೈರಿಯಲ್ಲಿ ಬರೆದಿಟ್ಟುಕೊಳ್ಳಲು ಯಜಮಾನರಿಗೆ ಹೇಳಿ.

ಬೆಳಗಾವಿಯಲ್ಲಿ ನಡೆಯುವ ಜಂಟಿ ಅಭ್ಯಾಸಗಳ ಫೋಟೋ ನೀವು ಪೇಪರಿನಲ್ಲಿ ನೋಡಿರಬಹುದು. 2008ರಲ್ಲಿ ಚೀನಾದವರೂ ಬಂದಿದ್ದರು, 2022ರಲ್ಲಿ ಜಪಾನಿನವರು. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಎಲ್ಲರೂ ಮನೆಗೆ ನೆಂಟರು ಬಂದಾಗಿನ ಮುಖ ಹಾಕಿಕೊಂಡಿರುತ್ತಾರೆ. ಅದನ್ನು ನೋಡಿ ಮಿಷನ್ ಹೀಗೇ ಇರುತ್ತೆ ಅಂದುಕೊಳ್ಳಬಾರದು.

ಪಾಕಿಸ್ತಾನದವರ ವಿಷಯ. ಹೆದರಬೇಡಿ. ಕಾಂಗೋದಲ್ಲಿ ನಾನಿದ್ದಾಗ ಉತ್ತರ ಕಿವು ನಮ್ಮ ಬ್ರಿಗೇಡ್, ದಕ್ಷಿಣ ಕಿವು ಅವರ ಬ್ರಿಗೇಡ್, ನಡುವೆ ಒಂದು ಪ್ರಾಂತ್ಯದ ಗಡಿ ಅಷ್ಟೇ. ನಿಜ ಹೇಳಬೇಕಂದರೆ ಭಾಷೆ ಅರ್ಥವಾಗುತ್ತಿದ್ದದ್ದು ಅವರದ್ದೊಂದೇ! ಮೀಟಿಂಗಿಗೆ ಬಂದರೆ ಟೀ, ಕ್ರಿಕೆಟ್, ಮಕ್ಕಳ ಓದು. ಕಾಶ್ಮೀರದ ಮಾತು ಅವರೂ ಎತ್ತುತ್ತಿರಲಿಲ್ಲ, ನಾವೂ ಎತ್ತುತ್ತಿರಲಿಲ್ಲ. ನಮ್ಮ ಬಡಾಖಾನಾಕ್ಕೆ (ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಸೇನೆಯ ಔತಣ) ಅವರನ್ನೋ ಬಾಂಗ್ಲಾದವರನ್ನೋ ಕರೆದ ದಿನ ಲಂಗರಿನಲ್ಲಿ (ಅಡುಗೆಮನೆಯಲ್ಲಿ) ಹಂದಿ ಮಾಂಸದ ಮಾತೇ ಇಲ್ಲ, ಕೋಳಿ, ಪೂರಿ, ಖೀರು. ಕೊಡಗಿನ ಹುಡುಗರು ಮನೆಯಿಂದ ಕಟ್ಟಿಸಿಕೊಂಡು ಬಂದ ಕಾಚಂಪುಳಿ (ಹಂದಿ ಕರಿಗೆ ಹಾಕುವ ಕಪ್ಪು ಹುಳಿ) ಸೀಸೆ ಆ ದಿನ ಟ್ರಂಕಿನಲ್ಲೇ ಇರುತ್ತಿತ್ತು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೀಸೆ ಕಳಿಸುವುದಾದರೆ ಮುಚ್ಚಳಕ್ಕೆ ಮೇಣ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಿ, ಬಟ್ಟೆಗೆ ಸೋರಿದರೆ ಆ ಕಪ್ಪು ಕಲೆ ಹೋಗುವುದಿಲ್ಲ.

ದುಡ್ಡು. ಒಬ್ಬೊಬ್ಬ ಸೈನಿಕನಿಗೆ ತಿಂಗಳಿಗೆ 1,400 ಡಾಲರ್‌ಗಿಂತ ಜಾಸ್ತಿ ಯುಎನ್ ಕೊಡುವುದು ನಿಜ. ಆದರೆ ಅದು ಹೋಗುವುದು ಸರ್ಕಾರಕ್ಕೆ, ನಿಮ್ಮ ಯಜಮಾನರ ಖಾತೆಗಲ್ಲ. ಅವರಿಗೆ ನಮ್ಮ ಸರ್ಕಾರದ ಸಂಬಳ, ಅದರ ಮೇಲೆ ವಿದೇಶಿ ಭತ್ಯೆ. ಯುಎನ್ ನೇರವಾಗಿ ಕೈಗೆ ಕೊಡುವ ದಿನಭತ್ಯೆ 1.28 ಡಾಲರ್. ಹೌದು, ಒಂದು ಡಾಲರ್ ಇಪ್ಪತ್ತೆಂಟು ಸೆಂಟ್. ಇಲ್ಲಿಗಿಂತ ಕೈಗೆ ಜಾಸ್ತಿ ಬರುತ್ತದೆ, ಸುಳ್ಳಲ್ಲ. ಆದರೆ ಊರಿನವರ ಬಾಯಲ್ಲಿರುವ ಲೆಕ್ಕ ನಂಬಿ ತೋಟದ ಮೇಲೆ ಸಾಲ ಎತ್ತಬೇಡಿ.

ನಿಮ್ಮ ಮಾವನವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಳೇ ಮಂದಿ ಕೇಳಬೇಕಾದದ್ದನ್ನೇ ಕೇಳುತ್ತಾರೆ. ಆದರೆ ಅವರಿಗೆ ಒಂದು ಹೇಳಿ. ಕಾರ್ಯಪ್ಪನವರು 1941-42ರಲ್ಲಿ ಇರಾಕ್, ಸಿರಿಯಾ, ಇರಾನ್‌ನಲ್ಲಿದ್ದದ್ದು ಬ್ರಿಟಿಷರ ಯುದ್ಧಕ್ಕೆ, ಅದು ನಿಜವಾಗಿಯೂ ಬೇರೆಯವರ ಯುದ್ಧ. ಇದು ಹಾಗಲ್ಲ. 2013ರ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಜನ ಜೀವ ಹಿಡಿದುಕೊಂಡು ಯುಎನ್ ಕ್ಯಾಂಪುಗಳ ಗೇಟಿಗೆ ಓಡಿ ಬಂದರು, ಗೇಟು ತೆಗೆದರು. ಮುಂದೆ ಆ ಬೇಲಿಗಳೊಳಗೆ 2 ಲಕ್ಷ ಜನ ಇದ್ದ ಕಾಲವೂ ಬಂತು. ಅಕೋಬೋ ಅನ್ನುವ ಕಡೆ ಹಾಗೆ ಒಳಗೆ ಬಂದವರನ್ನು ಕೊಲ್ಲಲು ಗುಂಪು ನುಗ್ಗಿದಾಗ ನಮ್ಮ ಇಬ್ಬರು ಸೈನಿಕರು ಸತ್ತರು. ಅದೇ ವರ್ಷ ಏಪ್ರಿಲ್‌ನಲ್ಲಿ ಜೊಂಗ್ಲೈನಲ್ಲಿ ಹೊಂಚು ದಾಳಿಗೆ ಐವರು ಸತ್ತಿದ್ದರು. ಇದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳುವುದು ನನಗೆ ಇಷ್ಟವಿಲ್ಲ. ಇದಕ್ಕಾಗಿ ಹೋಗಬೇಕೋ ಬೇಡವೋ ಅನ್ನುವುದನ್ನು ಮಾವನವರೇ ಯೋಚಿಸಲಿ. ಹಾಂ, ಅವರಿಗೆ ಹಸು ಕರು ಇದ್ದರೆ ಇದೂ ಹೇಳಿ: ನಮ್ಮ ಬೆಟಾಲಿಯನ್‌ಗಳ ಜೊತೆ ಅಲ್ಲಿಗೆ ಸೇನೆಯ ಪಶುವೈದ್ಯರೂ ಹೋಗುತ್ತಾರೆ. ಆ ದೇಶದಲ್ಲಿ ದನವೇ ಆಸ್ತಿ, ಜಗಳ ಅರ್ಧ ಶುರುವಾಗುವುದೂ ದನದಿಂದಲೇ. ಡಾಕ್ಟರ್ ಬಂದ ದಿನ ಬಂದೂಕು ಹಿಡಿದವನೂ ಹಸು ಹಿಡಿದುಕೊಂಡು ಸಾಲಿನಲ್ಲಿ ನಿಲ್ಲುತ್ತಾನೆ.

ಅಪಾಯದ ಬಗ್ಗೆ ಇನ್ನೊಂದು ಮಾತು, ಇದನ್ನು ಜನ ಕಡಿಮೆ ಹೇಳುತ್ತಾರೆ. ಯುಎನ್ ಮಿಷನ್‌ಗಳಲ್ಲಿ ಸತ್ತವರ ಲೆಕ್ಕ ತೆಗೆದರೆ ದಾಳಿಗಿಂತ ಕಾಯಿಲೆ ಮತ್ತು ಅಪಘಾತದಿಂದ ಸತ್ತವರೇ ಜಾಸ್ತಿ. ಆದ್ದರಿಂದ ಫೋನ್ ಮಾಡಿದಾಗಲೆಲ್ಲ ‘ಗುಂಡು ಹಾರಿತಾ’ ಅಂತ ಕೇಳುವ ಬದಲು ‘ಸೀಟ್ ಬೆಲ್ಟ್ ಹಾಕಿದ್ದೀರಾ, ಮಲೇರಿಯಾ ಮಾತ್ರೆ ನುಂಗಿದ್ದೀರಾ, ಸೊಳ್ಳೆ ಪರದೆ ಹರಿದಿದೆಯಾ’ ಅಂತ ಕೇಳಿ. ಮಾತ್ರೆ ತಲೆಸುತ್ತು ತರುತ್ತದೆ, ಹೊಟ್ಟೆ ಕೆಡಿಸುತ್ತದೆ ಅಂತ ಹುಡುಗರು ಗುಟ್ಟಾಗಿ ಎಸೆಯುತ್ತಾರೆ. ಕಂಪನಿಯಲ್ಲಿ ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿ ನೋಡುತ್ತಿದ್ದದ್ದು ಅದಕ್ಕೇ.

ವಾಪಸ್ ಬಂದ ಮೇಲೂ ಡಾಕ್ಟರ್ ಹೇಳಿದಷ್ಟು ದಿನ ಮಾತ್ರೆ ಮುಂದುವರಿಸಬೇಕು, ಸಾಮಾನ್ಯವಾಗಿ ನಾಲ್ಕು ವಾರ ಇರುತ್ತದೆ. ರಜೆಯಲ್ಲಿ ಊರಿಗೆ ಬಂದಾಗ ಜ್ವರ ಬಂದರೆ ಮಳೆಗಾಲದ ಜ್ವರ ಅಂತ ಕಷಾಯ ಕುಡಿಸಿ ಮಲಗಿಸಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ‘ಇವರು ಆಫ್ರಿಕಾದಿಂದ ಬಂದಿದ್ದಾರೆ, ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿ’ ಅಂತ ನೀವೇ ಬಾಯಿಬಿಟ್ಟು ಹೇಳಿ. ಅಲ್ಲಿನ ಮಲೇರಿಯಾ ಒಂದೆರಡು ದಿನದಲ್ಲೇ ಮೆದುಳಿಗೆ ಏರಬಹುದು, ಇಲ್ಲಿ ನಮ್ಮ ಡಾಕ್ಟರರಿಗೆ ನೀವು ಹೇಳದೆ ಅದು ತಟ್ಟನೆ ಹೊಳೆಯದೆ ಇರಬಹುದು.